ಗ್ರೀಸ್ ಇಲ್ಲದೆ ಓಡುವ ಬೇರಿಂಗ್: ಒಣ ಕೋಟಿಂಗ್ ಎಷ್ಟು ದಿನ ಬಾಳುತ್ತದೆ?

ಪ್ರಶ್ನೆ: ನಮ್ಮ ಪೌಡರ್ ಕೋಟಿಂಗ್ ಓವನ್ನಿನ ಕನ್ವೇಯರ್ ಬೇರಿಂಗ್‌ಗಳಿಂದ ಗ್ರೀಸ್ ಕರಗಿ ಪೀಸ್ ಮೇಲೆ ತೊಟ್ಟಿಕ್ಕುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಅನ್ನೋ ಒಣ ಲೂಬ್ರಿಕೆಂಟ್‌ನ ಕೋಟಿಂಗ್ ಮಾಡಿಸಿದರೆ ಆಮೇಲೆ ಗ್ರೀಸ್ ಮುಟ್ಟೋದೇ ಬೇಡ ಅಂತಾರೆ. ನಿಜವಾ?

ಗ್ರೀಸ್ ಬೇಡ ಅನ್ನೋದು ನಿಜ. ಆದರೆ ಕೋಟಿಂಗ್ ಸವೆಯುತ್ತದೆ, ಸವೆದದ್ದು ತಾನಾಗಿ ತುಂಬಿಕೊಳ್ಳುವುದಿಲ್ಲ. ಈ ಮಾತನ್ನು ಮಾರುವವರು ಹೇಳುವುದು ಕಮ್ಮಿ.

ಎಣ್ಣೆಯಾದರೆ ಬಾಲ್ ಉರುಳಿ ಹೋದ ಜಾಗಕ್ಕೆ ಮತ್ತೆ ಹರಿದು ಬರುತ್ತದೆ. ಒಣ ಪದರ ಹಾಗಲ್ಲ. ಮಾಲಿಬ್ಡಿನಮ್ ಡೈಸಲ್ಫೈಡ್‌ನಲ್ಲಿ ಮಾಲಿಬ್ಡಿನಮ್‌ನ ಎರಡೂ ಬದಿಗೆ ಗಂಧಕ ಇರುತ್ತದೆ. ಒಂದು ಪದರದ ಗಂಧಕಕ್ಕೂ ಪಕ್ಕದ ಪದರದ ಗಂಧಕಕ್ಕೂ ಹಿಡಿತ ಬಹಳ ಕಡಿಮೆ. ಹಾಗಾಗಿ ಪದರಗಳು ಜಾರುತ್ತವೆ, ಜಾರುತ್ತಾ ಸ್ವಲ್ಪ ಸ್ವಲ್ಪವೇ ಉದುರುತ್ತವೆ. ಆದ್ದರಿಂದ ಇದರ ಆಯಸ್ಸನ್ನು ವರ್ಷದಲ್ಲಿ ಹೇಳಬಾರದು, ಸುತ್ತುಗಳಲ್ಲಿ ಹೇಳಬೇಕು. 1440 ಆರ್‌ಪಿಎಂ ಮೋಟಾರ್ ಒಂದೇ ದಿನದಲ್ಲಿ 20 ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ನಿಮಿಷಕ್ಕೆ 10 ಸುತ್ತು ತಿರುಗುವ ಟ್ರಾಲಿ ಚಕ್ರ ಅಷ್ಟು ತಿರುಗಲು ಹಗಲೂ ರಾತ್ರಿ ಓಡಿದರೂ ಸುಮಾರು ಐದು ತಿಂಗಳು ಬೇಕು. ಅದೇ ಕೋಟಿಂಗ್, ಅದೇ ಬೇರಿಂಗ್. ಲೆಕ್ಕ ಮಾತ್ರ ಪೂರ್ತಿ ಬೇರೆ.

ಕೆಲಸ ಶುರುವಾಗುವ ಮೊದಲೇ ಪದರ ಸವೆದರೆ ಏನಾಗುತ್ತದೆ ಅನ್ನುವುದಕ್ಕೆ ನಾಸಾದ ಗೆಲಿಲಿಯೋ ನೌಕೆ ಇದೆ. ಗುರುಗ್ರಹಕ್ಕೆ 1989ರಲ್ಲಿ ಹೊರಟ ಈ ನೌಕೆಯ ದೊಡ್ಡ ಆಂಟೆನಾ ಕೊಡೆಯ ಹಾಗೆ ಮಡಚಿಕೊಂಡಿತ್ತು. 4.8 ಮೀಟರ್ ಅಗಲ, 18 ಕಡ್ಡಿ. 1991ರ ಏಪ್ರಿಲ್‌ನಲ್ಲಿ ಬಿಚ್ಚಲು ಆದೇಶ ಕೊಟ್ಟಾಗ ಕೆಲವು ಕಡ್ಡಿಗಳು ಹಿಡಿದುಕೊಂಡವು, ಆಂಟೆನಾ ಪೂರ್ತಿ ತೆರೆಯಲೇ ಇಲ್ಲ. ಕಡ್ಡಿಗಳನ್ನು ಹಿಡಿದಿದ್ದ ಪಿನ್‌ಗಳ ಮೇಲಿನ ಒಣ ಲೂಬ್ರಿಕೆಂಟ್ ಭೂಮಿಯ ಮೇಲೆಯೇ ಸವೆದಿತ್ತು ಅನ್ನುವುದು ತಜ್ಞರ ತೀರ್ಮಾನ. ಕ್ಯಾಲಿಫೋರ್ನಿಯಾಕ್ಕೂ ಫ್ಲಾರಿಡಾಕ್ಕೂ ನಡುವೆ ಲಾರಿಯಲ್ಲಿ ಮತ್ತೆ ಮತ್ತೆ ಸಾಗಿಸುವಾಗ ಆದ ಕುಲುಕಾಟವೇ ಅದಕ್ಕೆ ಮುಖ್ಯ ಕಾರಣ ಎಂದರು. ಕೊನೆಗೆ ಚಿಕ್ಕ ಆಂಟೆನಾದಲ್ಲೇ ಕೆಲಸ ಸಾಗಿಸಬೇಕಾಯಿತು.

ಹಾಗಂತ ಬಾಹ್ಯಾಕಾಶದವರು ಒಣ ಕೋಟಿಂಗ್ ಬಿಟ್ಟಿಲ್ಲ. ಗಾಳಿಯೇ ಇಲ್ಲದ ಕಡೆ ಮಾಲಿಬ್ಡಿನಮ್ ಡೈಸಲ್ಫೈಡ್‌ನಷ್ಟು ನುಣುಪಾಗಿ ಜಾರುವ ವಸ್ತು ಕಡಿಮೆ. ತೇವ ಇರುವ ಗಾಳಿಯಲ್ಲಿ ಮಾತ್ರ ಅದರ ಘರ್ಷಣೆ ಹಲವು ಪಟ್ಟು ಏರುತ್ತದೆ, ಆಯಸ್ಸೂ ಇಳಿಯುತ್ತದೆ. ಗ್ರ್ಯಾಫೈಟ್ ಇದಕ್ಕೆ ಉಲ್ಟಾ. ಅದು ಜಾರಬೇಕಾದರೆ ಸ್ವಲ್ಪ ತೇವ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರ್‌ಗಳಲ್ಲಿ ಕಾರ್ಬನ್ ಬ್ರಷ್‌ಗಳು (ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟ್ ಸಾಗಿಸುವ ಗ್ರ್ಯಾಫೈಟ್ ತುಂಡುಗಳು) ಬೇಗ ಬೇಗ ಪುಡಿಯಾದದ್ದು ಇದೇ ಕಾರಣಕ್ಕೆ: ಅಷ್ಟು ಎತ್ತರದ ಗಾಳಿಯಲ್ಲಿ ತೇವ ತೀರಾ ಕಮ್ಮಿ.

ಈಗ ನಿಮ್ಮ ಓವನ್‌ಗೆ ಬರೋಣ. ಕೋಟಿಂಗ್ ಮಾಡಿಸುವ ಮೊದಲು ಕ್ಲಿಯರೆನ್ಸ್, ಅಂದರೆ ಬಾಲ್‌ಗಳಿಗೂ ಅವು ಉರುಳುವ ಉಂಗುರಗಳಿಗೂ (ರೇಸ್) ನಡುವಿನ ಸಂದು, ನೋಡಿ. 6205 ಅನ್ನುವ ಸೈಜ್‌ನ ಬೇರಿಂಗ್‌ನ ಸಾಮಾನ್ಯ ಕ್ಲಿಯರೆನ್ಸ್ 5ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಸಂದು ಜಾಸ್ತಿ ಇರುವ ಸಿ3 ದರ್ಜೆ ಆದರೆ 13ರಿಂದ 28. ಒಳ ರೇಸ್, ಹೊರ ರೇಸ್ ಎರಡಕ್ಕೂ 10 ಮೈಕ್ರಾನ್ ಹಚ್ಚಿದಿರಿ ಅಂದುಕೊಳ್ಳಿ. ವ್ಯಾಸದ ಎರಡೂ ಕಡೆ ಸೇರಿ ಒಟ್ಟು 40 ಮೈಕ್ರಾನ್ ಹೋಯಿತು! ಬೇರಿಂಗ್ ತಿರುಗುವುದೇ ಇಲ್ಲ, ತಿರುಗಿದರೂ ಪದರ ಕಿತ್ತುಬರುತ್ತದೆ. ಸ್ಪ್ರೇ ಮಾಡಿ ಬೇಯಿಸುವ ಕೋಟಿಂಗ್ 10 ಮೈಕ್ರಾನ್‌ನಷ್ಟು ದಪ್ಪ ಬರುವುದು ಮಾಮೂಲು. ವ್ಯಾಕ್ಯೂಮ್ ಚೇಂಬರ್‌ನಲ್ಲಿ ಕೂರಿಸುವ ಸ್ಪಟರ್ ಕೋಟಿಂಗ್ ಸುಮಾರು 1 ಮೈಕ್ರಾನ್ ಇರುತ್ತದೆ. ಬಾಲ್ ಬೇರಿಂಗ್‌ಗೆ ಸರಿಹೊಂದುವುದು ಅದೇ, ಆದರೆ ದುಬಾರಿ.

ಬೇಯಿಸುವ ಶಾಖವನ್ನೂ ಕೇಳಿ. ಮಾಮೂಲಿ ಬೇರಿಂಗ್ ಸ್ಟೀಲನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಗಟ್ಟಿ ಮಾಡಿದ ಮೇಲೆ ಮತ್ತೆ ಕಾಯಿಸಿ ಹದ ಮಾಡಿರುತ್ತಾರೆ. ಟೆಫ್ಲಾನ್ ಕೋಟಿಂಗ್‌ಗೆ ಅಂತ 350 ಡಿಗ್ರಿ ದಾಟಿಸಿದರೆ ರೇಸ್ ಮೆತ್ತಗಾಗುತ್ತದೆ. ಇನ್ನೊಂದು ವಿಷಯ: ಗ್ರೀಸ್ ತುಕ್ಕನ್ನೂ ತಡೆಯುತ್ತಿತ್ತು, ತೆಳು ಕೋಟಿಂಗ್ ಅದನ್ನು ಮಾಡುವುದಿಲ್ಲ. ತುಕ್ಕು ಹಿಡಿಯಲು ಮಳೆಗಾಲದಲ್ಲಿ ಓವನ್ ಎರಡು ದಿನ ಆಫ್ ಆಗಿದ್ದರೂ ಸಾಕು.

ಇಷ್ಟೆಲ್ಲ ನೋಡಿದರೆ, ಸುಮಾರು 200 ಡಿಗ್ರಿಯಲ್ಲಿ ನಿಧಾನವಾಗಿ ಓಡುವ ನಿಮ್ಮ ಕನ್ವೇಯರ್‌ಗೆ ನಾನು ಕೋಟಿಂಗ್ ಹೇಳುವುದಿಲ್ಲ. ಗ್ರ್ಯಾಫೈಟ್ ತುಂಬಿದ ಹೈ ಟೆಂಪರೇಚರ್ ಬೇರಿಂಗ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಬಾಲ್‌ಗಳ ನಡುವೆ ಗ್ರ್ಯಾಫೈಟ್ ಗಟ್ಟಿಯೇ ಇರುತ್ತದೆ. ಉಜ್ಜಿ ಉಜ್ಜಿ ಹೊಸ ಪದರ ಬರುತ್ತಲೇ ಇರುತ್ತದೆ, ಅಂದರೆ ಖರ್ಚಾದದ್ದಕ್ಕೆ ದಾಸ್ತಾನು ಒಳಗೇ ಇದೆ. ಕ್ಲಿಯರೆನ್ಸನ್ನೂ ಅದಕ್ಕೆ ಬೇಕಾದಷ್ಟು ಜಾಸ್ತಿ ಇಟ್ಟಿರುತ್ತಾರೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೂಸ್ ಅನ್ನಿಸುತ್ತದೆ, ಹಾಳಾಗಿದೆ ಅಂತ ವಾಪಸ್ ಕಳಿಸಬೇಡಿ.

ಬೇರಿಂಗ್ ಹಾಕಿದ ದಿನವೇ ಮೇಂಟೆನೆನ್ಸ್ ಹುಡುಗರಿಗೆ ಹೇಳಿಬಿಡಿ: ಇದಕ್ಕೆ ಗ್ರೀಸ್ ಗನ್ ಹಿಡಿಯಬಾರದು. ಅಭ್ಯಾಸಬಲದಿಂದ ಒಂದು ಸಲ ಹೊಡೆದರೂ ಗ್ರ್ಯಾಫೈಟ್ ಪುಡಿ ಗ್ರೀಸ್ ಜೊತೆ ಕಲಸಿ, ಓವನ್ ಶಾಖಕ್ಕೆ ಸುಟ್ಟು ಗಟ್ಟಿಯಾಗಿ, ಬಾಲ್‌ಗಳು ಜಾಮ್ ಆಗುತ್ತವೆ.