ಹುಡುಕಿದರೆ ನಮ್ಮದೇ ಸಿಗಬೇಕು: ಅಂಥ ಹೆಸರು ಇಡುವುದು ಹೇಗೆ?

ಓದುಗರ ಪ್ರಶ್ನೆ: ಹೊಸದಾಗಿ ಶುರು ಮಾಡುತ್ತಿರುವ ಕೆಲಸಕ್ಕೆ ಚಂದದ ಒಂದು ಪದವನ್ನು ಹೆಸರಾಗಿ ಆರಿಸಿದ್ದೇವೆ. ಗೂಗಲ್‌ನಲ್ಲಿ ಹಾಕಿ ನೋಡಿದರೆ ಅದೇ ಪದಕ್ಕೆ ಏನೇನೋ ಬರುತ್ತದೆ. ಇದನ್ನೇ ಇಟ್ಟುಕೊಳ್ಳಬಹುದೆ, ಬೇರೆ ಹುಡುಕಬೇಕೆ?

ಉತ್ತರ: ಮೊದಲ ಪುಟದಲ್ಲಿ ಯಾರು ಕೂತಿದ್ದಾರೆ ನೋಡಿ. ನಿಘಂಟಿನ ಅರ್ಥ, ಸಿನಿಮಾ, ಊರು, ದೊಡ್ಡ ಕಂಪನಿ, ಇವುಗಳಲ್ಲಿ ಯಾವುದಾದರೂ ಗಟ್ಟಿಯಾಗಿ ಬೇರೂರಿದ್ದರೆ ಹೆಸರು ಬದಲಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಸಣ್ಣಪುಟ್ಟ ಪುಟಗಳು ಚೆಲ್ಲಾಪಿಲ್ಲಿಯಾಗಿ ಬರುತ್ತಿದ್ದರೆ ಹೆದರಬೇಡಿ, ಅಲ್ಲಿ ನಿಮಗೆ ಜಾಗವಿದೆ. ಜಗತ್ತಿನಲ್ಲಿ ಯಾರೂ ಬಳಸದ ಹೆಸರೇ ಆಗಬೇಕೆಂದಿಲ್ಲ. ಒಮ್ಮೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು, ಟೈಪ್ ಮಾಡಿದಾಗ ದಾರಿಗೆ ಅಡ್ಡ ನಿಲ್ಲುವ ಬಲಶಾಲಿ ಇರಬಾರದು. ಇವೆರಡೂ ಸೇರಿದರೆ ಸಾಕು.

ಬಲಶಾಲಿಯನ್ನು ಸರಿಸುವುದು ಏಕೆ ಕಷ್ಟ? ಸರ್ಚ್ ಎಂಜಿನ್ ಬರೀ ಅಕ್ಷರಗಳನ್ನು ಹೋಲಿಸುವುದಿಲ್ಲ. ಆ ಪದವನ್ನು ಹುಡುಕುವ ಬಹುಪಾಲು ಜನರಿಗೆ ಏನು ಬೇಕಿರುತ್ತದೆ ಎಂದು ಊಹಿಸುತ್ತದೆ, ಯಾವ ಪುಟಕ್ಕೆ ಬೇರೆ ಪುಟಗಳಿಂದ ಹೆಚ್ಚು ಕೊಂಡಿಗಳಿವೆ ಎಂದು ನೋಡುತ್ತದೆ. ಎರಡರಲ್ಲೂ ಹೊಸಬರ ಖಾತೆ ಸೊನ್ನೆ. ಗೂಗಲ್ ಕಂಪನಿಯೇ 2009ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಭಾಷೆಯ ಹೆಸರು ‘ಗೋ’. ಇಂಗ್ಲಿಷಿನಲ್ಲಿ ಅದು ತೀರಾ ಸಾಮಾನ್ಯವಾದ ಕ್ರಿಯಾಪದ. ಹಾಗಾಗಿ ಬಳಸುವವರೇ ಅದನ್ನು ‘ಗೋಲ್ಯಾಂಗ್’ ಎಂದು ಹುಡುಕುವುದನ್ನು ರೂಢಿ ಮಾಡಿಕೊಂಡರು. ಟ್ವಿಟರ್ 2023ರಲ್ಲಿ ‘ಎಕ್ಸ್’ ಆದ ಮೇಲೆ ಪತ್ರಿಕೆಗಳು ‘ಎಕ್ಸ್ (ಹಿಂದಿನ ಟ್ವಿಟರ್)’ ಎಂದು ಬಹುಕಾಲ ಬರೆಯಬೇಕಾಯಿತು. ಕೋಟ್ಯಂತರ ಬಳಕೆದಾರರಿದ್ದವರಿಗೇ ಒಂಟಿ ಅಕ್ಷರ ಸಾಲಲಿಲ್ಲ ಎಂದ ಮೇಲೆ, ಹೊಸಬರು ಆ ದಾರಿ ಹಿಡಿಯಲೇಬಾರದು.

ಹಾಗಾದರೆ ಅರ್ಥವಿಲ್ಲದ ಪದ ಹುಟ್ಟಿಸಬೇಕೆ? ಅದೂ ಒಂದು ಮಾರ್ಗ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ‘ಕೊಡಾಕ್’ ಎಂಬ ಹೆಸರನ್ನು ಹಾಗೆಯೇ ಕಟ್ಟಿದರು. ಚಿಕ್ಕದಾಗಿರಬೇಕು, ಉಚ್ಚಾರ ಕೆಡಬಾರದು, ಬೇರೆ ಯಾವುದನ್ನೂ ಹೋಲಬಾರದು ಎಂಬುದು ಅವರ ಲೆಕ್ಕ. ಇಂದಿಗೂ ಅದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಆದರೆ ಹುಟ್ಟಿಸಿದ ಪದಕ್ಕೆ ಅರ್ಥ ತುಂಬಲು ಕಾಲ ಬೇಕು. ಸಣ್ಣ ಕೆಲಸಗಳಿಗೆ ನಾವು ಹೇಳುವುದು ಇನ್ನೊಂದು ದಾರಿ: ಎಲ್ಲರಿಗೂ ಗೊತ್ತಿರುವ, ಆದರೆ ಒಟ್ಟಿಗೆ ಬಾರದ ಎರಡು ಪದಗಳನ್ನು ಬೆಸೆಯಿರಿ. ಬಿಡಿಬಿಡಿಯಾಗಿ ಸಾಮಾನ್ಯ, ಜೋಡಿಯಾಗಿ ಅಪರೂಪ. ಕಾಗುಣಿತವಂತೂ ಎಲ್ಲರಿಗೂ ಬಾಯಿಪಾಠ.

ಫೈರ್‌ಫಾಕ್ಸ್ ಬ್ರೌಸರ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2002ರಲ್ಲಿ ಅದರ ಹೆಸರು ‘ಫೀನಿಕ್ಸ್’. ಆ ಹೆಸರಿನ ಕಂಪನಿಯೊಂದು ಟ್ರೇಡ್‌ಮಾರ್ಕ್ ತಕರಾರು ತೆಗೆದದ್ದರಿಂದ 2003ರಲ್ಲಿ ‘ಫೈರ್‌ಬರ್ಡ್’ ಆಯಿತು. ಅದೇ ಹೆಸರಿನ ಡೇಟಾಬೇಸ್ ತಂತ್ರಾಂಶ ಮೊದಲೇ ಇತ್ತು, ಅವರೂ ಆಕ್ಷೇಪಿಸಿದರು. 2004ರ ಫೆಬ್ರವರಿಯಲ್ಲಿ ಮೂರನೆಯ ಹೆಸರು ಬಂದು ನಿಂತಿತು.

ಇನ್ನು ಕಿವಿಯ ಪರೀಕ್ಷೆ. ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಐದು ಜನರಿಗೆ ಫೋನಿನಲ್ಲಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಟೈಪ್ ಮಾಡಿ ಕಳಿಸಲು ಕೇಳಿ. ಇಬ್ಬರು ತಪ್ಪಿದರೂ ಹೆಸರು ಕೈಬಿಡಿ. ಸ್ವರ ಕಿತ್ತುಹಾಕುವುದು, ಅಕ್ಷರದ ಜಾಗದಲ್ಲಿ ಅಂಕಿ ಸೇರಿಸುವುದು, ಎರಡು ವ್ಯಂಜನ ಹಾಕುವುದು ನೋಡಲು ಹೊಸತಾಗಿ ಕಾಣುತ್ತದೆ. ಕಿವಿಗೆ ಮಾತ್ರ ಹಳೆಯ ಪದವೇ ಕೇಳಿಸುತ್ತದೆ. ಮೇಲಾಗಿ ಸರ್ಚ್ ಎಂಜಿನ್ ಅದನ್ನು ಕಾಗುಣಿತದ ತಪ್ಪೆಂದು ತಿಳಿದು ‘ನೀವು ಹುಡುಕಿದ್ದು ಇದೇ?’ ಎಂದು ಮೂಲ ಪದದ ಕಡೆಗೇ ಜನರನ್ನು ಕಳಿಸುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ಆಟದಿಂದ ಏನೂ ಆಗದು, ಹುಡುಕಾಟದಲ್ಲಿ ಎರಡೂ ಒಂದೇ. ಆಶ್ಚರ್ಯಸೂಚಕ, ಚುಕ್ಕೆಗಳಂಥ ಚಿಹ್ನೆಗಳನ್ನು ಹುಡುಕಾಟ ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆಸರಿನ ನಡುವಿನ ಅಡ್ಡಗೆರೆ ಹ್ಯಾಷ್‌ಟ್ಯಾಗನ್ನು ಅಲ್ಲಿಗೇ ತುಂಡರಿಸುತ್ತದೆ.

ಕನ್ನಡದ ಹೆಸರಾದರೆ ಇನ್ನೊಂದು ಎಚ್ಚರಿಕೆ ಬೇಕು. ಡೊಮೇನ್ (ಜಾಲತಾಣದ ವಿಳಾಸ), ಖಾತೆಯ ಹೆಸರು ಬಹುಪಾಲು ರೋಮನ್ ಲಿಪಿಯಲ್ಲೇ ಇರುತ್ತವೆ. ಅಲ್ಲಿಗೆ ಹೋದ ಕೂಡಲೇ ಲ–ಳ, ನ–ಣ, ತ–ಟ ವ್ಯತ್ಯಾಸಗಳು ಅಳಿಸಿಹೋಗುತ್ತವೆ. ‘ಹುಲಿ’ ಮತ್ತು ‘ಹುಳಿ’ ಎರಡಕ್ಕೂ ಒಂದೇ ಸ್ಪೆಲ್ಲಿಂಗ್. ‘ಕಲೆ’ ಎಂದಿಟ್ಟರೆ ಅದು ‘ಕಳೆ’ಯೂ ಆಗುತ್ತದೆ, ಇಂಗ್ಲಿಷಿನ ಒಂದು ಸೊಪ್ಪಿನ ಹೆಸರೂ ಆಗುತ್ತದೆ! ತಕಾರಕ್ಕೆ ಒಬ್ಬರು ಟಿ ಬರೆದರೆ ಇನ್ನೊಬ್ಬರು ಟಿ-ಎಚ್ ಬರೆಯುತ್ತಾರೆ, ಈಕಾರಕ್ಕೆ ಒಬ್ಬರು ಐ, ಇನ್ನೊಬ್ಬರು ಎರಡು ಇ. ಹೀಗೆ ಕವಲೊಡೆಯುವ ಅಕ್ಷರ ಒಂದಕ್ಕಿಂತ ಹೆಚ್ಚಿರುವ ಹೆಸರು ಬೇಡ. ಒಂದು ರೂಪ ಗೊತ್ತು ಮಾಡಿ, ಮುಖಪುಟದಲ್ಲಿ ಕನ್ನಡ ಮತ್ತು ರೋಮನ್ ಎರಡನ್ನೂ ಬರೆಯಿರಿ. ಕನ್ನಡ ಲಿಪಿಯಲ್ಲೇ ಡೊಮೇನ್ ಪಡೆಯಲು ಸಾಧ್ಯವಿದ್ದರೂ ಒಳಗಡೆ ಅದು ‘ಎಕ್ಸ್-ಎನ್’ ಎಂದು ಶುರುವಾಗುವ ರೋಮನ್ ಸಾಲಾಗಿ ಮಾರ್ಪಡುತ್ತದೆ. ನಕಲು ಮಾಡಿ ಅಂಟಿಸಿದಾಗ ಎಷ್ಟೋ ಕಡೆ ಆ ಓದಲಾಗದ ಸಾಲೇ ಕಾಣಿಸುತ್ತದೆ.

ಕಿವಿಯ ಪರೀಕ್ಷೆ ಗೆದ್ದ ಹೆಸರನ್ನು ಈಗ ಹುಡುಕಿ. ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ, ಖಾತೆಯಿಂದ ಹೊರಬಂದು ನೋಡಬೇಕು. ಇಲ್ಲದಿದ್ದರೆ ನಿಮ್ಮ ಹಳೆಯ ಹುಡುಕಾಟಗಳು ಫಲಿತಾಂಶವನ್ನು ನಿಮ್ಮ ಕಡೆಗೆ ವಾಲಿಸಿರಬಹುದು. ಹೆಸರನ್ನು ಬರಿದಾಗಿ, ಉದ್ಧರಣ ಚಿಹ್ನೆಯೊಳಗೆ, ನಿಮ್ಮ ಕ್ಷೇತ್ರದ ಪದದ ಜೊತೆಗೆ, ಹೀಗೆ ಮೂರು ಸಲ ಹಾಕಿ. ಚಿತ್ರಗಳ ವಿಭಾಗವನ್ನೂ ತೆರೆಯಿರಿ. ಮುಜುಗರದ ಅರ್ಥ ಇನ್ನೊಂದು ಭಾಷೆಯಲ್ಲಿದ್ದರೆ ಅಲ್ಲಿ ಬೇಗ ಗೊತ್ತಾಗುತ್ತದೆ. ವಿಕಿಪೀಡಿಯದಲ್ಲಿ ಆ ಪದಕ್ಕೆ ‘ದ್ವಂದ್ವ ನಿವಾರಣೆ’ ಪುಟ (ಒಂದೇ ಹೆಸರಿನ ಹಲವು ವಿಷಯಗಳ ಪಟ್ಟಿ) ಇದ್ದರೆ ಅದರ ಮೇಲೆ ಈಗಾಗಲೇ ಹಲವರ ಹಕ್ಕು ಇದೆ ಎಂದೇ ಅರ್ಥ. ಬಳಿಕ ಡೊಮೇನ್, ಆ್ಯಪ್ ಸ್ಟೋರ್, ಸಾಮಾಜಿಕ ಜಾಲತಾಣಗಳು.

ಟ್ರೇಡ್‌ಮಾರ್ಕ್ ಮಾತು ಬೇರೆ. ಹುಡುಕಾಟದಲ್ಲಿ ಕಾಣದ ಹೆಸರೂ ನೋಂದಣಿಯಾಗಿರಬಹುದು. ಸರಕು-ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. ನಿಮ್ಮ ವರ್ಗದಲ್ಲಿ ಅದೇ ಹೆಸರು ಅಥವಾ ಹಾಗೆಯೇ ಕೇಳಿಸುವ ಹೆಸರು ಇದೆಯೇ ಎಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಉಚಿತ ಡೇಟಾಬೇಸಿನಲ್ಲೂ ನಿಮ್ಮ ದೇಶದ ನೋಂದಣಿ ತಾಣದಲ್ಲೂ ನೋಡಿ. ಕೆಲಸವನ್ನೇ ನೇರವಾಗಿ ವರ್ಣಿಸುವ ಹೆಸರಿಗೆ ಕಾನೂನಿನ ರಕ್ಷಣೆ ಸಿಗುವುದು ಕಷ್ಟ, ಕಟ್ಟಿದ ಪದಕ್ಕೆ ಸುಲಭ.

ಮಗುವಿಗೆ ಹೆಸರಿಡುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿ ನಮ್ಮ ಉತ್ತರ ತಿರುವುಮುರುವು. ಅಪರೂಪದ ಹೆಸರಿನ ಮನುಷ್ಯನ ಹಳೆಯ ಫೋಟೊ, ಎಳೆಯ ವಯಸ್ಸಿನ ಬರಹ ಎಲ್ಲವೂ ಒಂದೇ ಹುಡುಕಾಟಕ್ಕೆ ಸಿಗುತ್ತವೆ. ಹತ್ತಾರು ಜನ ಹಂಚಿಕೊಂಡ ಹೆಸರು ಅವರನ್ನು ಮರೆಮಾಡಿ ಕಾಯುತ್ತದೆ. ಬೆಳೆದ ಮೇಲೆ ಬೇಕೆನಿಸಿದರೆ ಅವರೇ ಇನಿಷಿಯಲ್ ಸೇರಿಸಿಕೊಂಡು ಬೇರೆಯಾಗಬಹುದು. ಒಂದೇ ಹೆಸರಿನ ಸಂಶೋಧಕರನ್ನು ಬೇರ್ಪಡಿಸಲು 2012ರಿಂದ ‘ಆರ್ಕಿಡ್’ (ORCID) ಎಂಬ 16 ಅಂಕಿಗಳ ಗುರುತು ಸಂಖ್ಯೆಯೂ ಉಚಿತವಾಗಿ ಸಿಗುತ್ತಿದೆ.

ಈಗಾಗಲೇ ಹೆಸರಿಟ್ಟು ಬದಲಿಸುತ್ತಿದ್ದರೆ, ಹಳೆಯ ತಾಣದ ಪ್ರತಿ ಪುಟದಿಂದ ಹೊಸ ತಾಣದ ಅದೇ ಪುಟಕ್ಕೆ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂದು ಹೇಳಿ, ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ತೆಗೆಯಬೇಡಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಒಳಪುಟಗಳು ಗಳಿಸಿದ್ದ ಸ್ಥಾನ ಹೋಗುತ್ತದೆ. ಹಳೆಯ ಡೊಮೇನಿನ ನವೀಕರಣವನ್ನಂತೂ ಎಂದಿಗೂ ನಿಲ್ಲಿಸಬೇಡಿ: ಬಿಟ್ಟುಕೊಟ್ಟರೆ ಬೇರೆಯವರು ಅದನ್ನು ಕೊಂಡು, ನಿಮ್ಮನ್ನು ನಂಬಿ ಬಂದವರ ಮುಂದೆ ಏನನ್ನು ಬೇಕಾದರೂ ಇಡಬಹುದು.