ಜಿಐ ಬಿಲ್ ದುಡ್ಡಲ್ಲಿ ಪೈಲಟ್ ಆಗಬಹುದಾ?

ಪ್ರಶ್ನೆ: ನಮ್ಮಣ್ಣನ ಮಗ ಅಮೆರಿಕದ ಸೇನೆಯಲ್ಲಿ ನಾಲ್ಕು ವರ್ಷ ಇದ್ದು ಈಗ ಹೊರಬಂದಿದ್ದಾನೆ. ಪೈಲಟ್ ಆಗಬೇಕಂತೆ. ‘ಕೈಯಿಂದ ಬಿಡಿಗಾಸು ಹಾಕಬೇಕಿಲ್ಲ, ಎಲ್ಲ ಜಿಐ ಬಿಲ್ ಕೊಡುತ್ತೆ’ ಅಂತಾನೆ. ಮಾಜಿ ಸೈನಿಕರ ಓದಿಗೆ ಅಮೆರಿಕ ಸರ್ಕಾರ ಹಣ ಕೊಡುವ ಕಾನೂನಂತೆ ಅದು. ನಂಬಬಹುದಾ?

ಉತ್ತರ: ನಂಬಬಹುದು, ಆದರೆ ಅವನು ಸೇರುವುದು ಕಾಲೇಜಿಗೋ ಬರೀ ಫ್ಲೈಯಿಂಗ್ ಸ್ಕೂಲಿಗೋ ಅಂತ ಮೊದಲು ಕೇಳಿ. ದುಡ್ಡಿನ ಲೆಕ್ಕವೆಲ್ಲ ಅಲ್ಲೇ ಬದಲಾಗುವುದು.

2001ರ ಸೆಪ್ಟೆಂಬರ್ 11ರ ನಂತರ ಸೇವೆ ಮಾಡಿದವರಿಗೆ 2009ರ ಆಗಸ್ಟ್‌ನಿಂದ ಹೊಸ ಜಿಐ ಬಿಲ್ ಇದೆ. ಒಟ್ಟು 36 ತಿಂಗಳ ಓದಿನ ಖರ್ಚು, ಅಂದರೆ ವರ್ಷಕ್ಕೆ ಒಂಬತ್ತು ತಿಂಗಳಂತೆ ನಾಲ್ಕು ವರ್ಷದ ಡಿಗ್ರಿ. ಮೂರು ವರ್ಷ ಸಕ್ರಿಯ ಸೇವೆ ಮುಗಿಸಿ, ಗೌರವಯುತವಾಗಿ ಬಿಡುಗಡೆ ಆಗಿದ್ದರೆ ಪೂರ್ತಿ 100% ಸಿಗುತ್ತದೆ. ನಿಮ್ಮ ಹುಡುಗನಿಗೆ ಈ ವಿಷಯದಲ್ಲಿ ಚಿಂತೆಯಿಲ್ಲ.

ಫ್ಲೈಯಿಂಗ್ ಸ್ಕೂಲಿಗೇ ನೇರ ಹೋದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತಾನೆ. ಪ್ರೈವೇಟ್ ಪೈಲಟ್ ಲೈಸೆನ್ಸ್ (ಸಂಬಳವಿಲ್ಲದೆ ಸ್ವಂತಕ್ಕೆ ಹಾರಿಸುವ ಪರವಾನಗಿ) ಮೊದಲೇ ಕೈಯಲ್ಲಿರಬೇಕು, ಅದರ ಖರ್ಚನ್ನು ಸರ್ಕಾರ ಕೊಡುವುದಿಲ್ಲ. ಅಮೆರಿಕದಲ್ಲಿ ಇದೊಂದಕ್ಕೇ ಸುಮಾರು 12ರಿಂದ 20 ಸಾವಿರ ಡಾಲರ್ ಹಿಡಿಯುತ್ತದೆ. ಆಮೇಲಿನ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ), ಕಮರ್ಷಿಯಲ್ ಲೈಸೆನ್ಸ್ (ಸಂಬಳಕ್ಕೆ ಹಾರಿಸುವ ಪರವಾನಗಿ) ಇವಕ್ಕೆ ದುಡ್ಡು ಬರುತ್ತದೆ. ಆದರೆ ಸ್ಕೂಲಿಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್ಎಎಯ ‘ಪಾರ್ಟ್ 141’ ಮಾನ್ಯತೆ ಇರಬೇಕು, ಊರಿನ ಪುಟ್ಟ ಏರ್‌ಪೋರ್ಟಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ನಡೆಸುವ ‘ಪಾರ್ಟ್ 61’ ತರಬೇತಿಗೆ ಇಲ್ಲ. ಅದರ ಮೇಲೆ ವರ್ಷಕ್ಕೊಂದು ಮಿತಿ, ಈಗ ಸುಮಾರು 17 ಸಾವಿರ ಡಾಲರ್. ಮನೆ ಬಾಡಿಗೆ ಭತ್ಯೆ ಇಲ್ಲ, ಪುಸ್ತಕದ ದುಡ್ಡೂ ಇಲ್ಲ. ಶೂನ್ಯದಿಂದ ಕಮರ್ಷಿಯಲ್‌ವರೆಗಿನ ಒಟ್ಟು ಖರ್ಚು ಲಕ್ಷ ಡಾಲರ್ ಹತ್ತಿರ ಹೋಗುವಾಗ ಇದು ಮದುವೆ ಖರ್ಚಿಗೆ ಬಂದ ಮುಯ್ಯಿಯಷ್ಟೇ. ಈ ಮಿತಿ ಪ್ರತಿ ಆಗಸ್ಟ್ 1ಕ್ಕೆ ಹೊಸದಾಗುತ್ತದೆ. ಹಾಗಾಗಿ ತರಬೇತಿ ಬೇಸಿಗೆಯಲ್ಲಿ ಶುರುವಾಗಿ ಆಗಸ್ಟ್ ದಾಟಿದರೆ ಎರಡು ವರ್ಷದ ಮಿತಿ ಬಳಸಿಕೊಳ್ಳಬಹುದು. ಇದನ್ನು ಬಹಳ ಜನ ಗಮನಿಸುವುದಿಲ್ಲ.

ಕಾಲೇಜಿನ ಕಥೆ ಬೇರೆ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಉದಾಹರಣೆಗೆ ನಾರ್ತ್ ಡಕೋಟಾದಲ್ಲಿ, ವಿಮಾನಯಾನದ ಡಿಗ್ರಿಗೆ ಸೇರಿದರೆ ಹಾರಾಟ ಆ ಪಠ್ಯಕ್ರಮದ ಕಡ್ಡಾಯ ಭಾಗ. ಆಗ ಪ್ರೈವೇಟ್ ಲೈಸೆನ್ಸ್ ಸಮೇತ ಫೀಸು ಕಟ್ಟುತ್ತಾರೆ, ಬಾಡಿಗೆ ಭತ್ಯೆಯೂ ಬರುತ್ತದೆ. ಎಂಬ್ರಿ-ರಿಡಲ್‌ನಂಥ ಖಾಸಗಿ ಕಡೆ ವರ್ಷಕ್ಕೆ 30 ಸಾವಿರ ಡಾಲರ್ ಆಸುಪಾಸಿನ ಮಿತಿಯಿದೆ, ಉಳಿದದ್ದರಲ್ಲಿ ಒಂದು ಪಾಲನ್ನು ಕಾಲೇಜೂ ಸರ್ಕಾರವೂ ಸೇರಿ ಭರಿಸುವ ‘ಯೆಲ್ಲೋ ರಿಬ್ಬನ್’ ಯೋಜನೆ ತುಂಬಬಹುದು. ಡಿಗ್ರಿಗೆ ಇನ್ನೊಂದು ಲಾಭವೂ ಇದೆ. ಏರ್‌ಲೈನ್ ಕೆಲಸಕ್ಕೆ ಬೇಕಾದ 1,500 ಗಂಟೆ ಹಾರಾಟ, ಮಾನ್ಯತೆ ಪಡೆದ ವಿಮಾನಯಾನ ಪದವೀಧರರಿಗೆ 1,000ಕ್ಕೆ ಇಳಿಯುತ್ತದೆ.

ಸರ್ಕಾರಿ ಕಾಲೇಜುಗಳಿಗೆ ಮಿತಿಯಿಲ್ಲದ್ದನ್ನು ಕೆಲವರು ಚೆನ್ನಾಗಿಯೇ ಬಳಸಿಕೊಂಡರು. ಹೆಲಿಕಾಪ್ಟರ್ ಕೋರ್ಸುಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಲಕ್ಷಗಟ್ಟಲೆ ಡಾಲರ್ ಬಿಲ್ ಆಗುತ್ತಿದ್ದುದನ್ನು 2015ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಆಮೇಲೆ ಅಮೆರಿಕದ ಮಾಜಿ ಸೈನಿಕರ ಇಲಾಖೆ ನಿಯಮ ಬಿಗಿಮಾಡಿತು. ಕೋರ್ಸಿನಲ್ಲಿ ಸರ್ಕಾರದ ದುಡ್ಡಿನವರು 85% ಮೀರಿದರೆ ಹೊಸಬರಿಗೆ ಹಣ ನಿಲ್ಲುತ್ತದೆ. ಸೇರುವ ಮುಂಚೆ ಕಾಲೇಜಿನ ಮಾಜಿ ಸೈನಿಕರ ವಿಭಾಗದಲ್ಲಿ ಇದನ್ನು ಕೇಳಿಯೇ ಮುಂದುವರಿಯಲಿ. ಫೀಸಿನ ಪಟ್ಟಿಗಿಂತ ಮುಖ್ಯವಾದ ಪ್ರಶ್ನೆ ಇದು.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ತಪಾಸಣೆ. ಎರಡನೇ ದರ್ಜೆಯ ಸರ್ಟಿಫಿಕೇಟ್ ಇಲ್ಲದೆ ಫ್ಲೈಯಿಂಗ್ ಸ್ಕೂಲಿಗೆ ಹಣ ಬರುವುದಿಲ್ಲ. ಏರ್‌ಲೈನ್ ಕನಸಿದ್ದರೆ ಮೊದಲನೇ ದರ್ಜೆಗೇ ಹೋಗುವುದು ಜಾಣತನ. ಸೇನೆಯಲ್ಲಿ ಆದ ಗಾಯಕ್ಕೋ ಮಾನಸಿಕ ಒತ್ತಡಕ್ಕೋ ಅಂಗವೈಕಲ್ಯ ಪಿಂಚಣಿ ಬರುತ್ತಿದ್ದರೆ ಅದನ್ನು ಎಫ್ಎಎ ಅರ್ಜಿಯಲ್ಲಿ ಬರೆಯಲೇಬೇಕು. ಪಿಂಚಣಿ ಪಡೆದು ಅರ್ಜಿಯಲ್ಲಿ ಮುಚ್ಚಿಟ್ಟ ಅನುಮಾನದ ಮೇಲೆ ಸುಮಾರು 4,800 ಪೈಲಟ್‌ಗಳ ತನಿಖೆ ನಡೆದದ್ದು 2023ರಲ್ಲಿ ಸುದ್ದಿಯಾಗಿತ್ತು.

ಹಾಗಾದರೆ ಬೆಂಗಳೂರಿನ ನಮ್ಮ ಜಕ್ಕೂರು ಫ್ಲೈಯಿಂಗ್ ಸ್ಕೂಲಿಗೇ ಬಂದು ಕಲಿಯಬಹುದಲ್ಲ, ಅಗ್ಗವಾಗುತ್ತೆ ಅಂತ ಅಣ್ಣ ಕೇಳಬಹುದು. ಈ ದುಡ್ಡಲ್ಲಿ ಆಗುವುದಿಲ್ಲ, ಏಕೆಂದರೆ ಅಮೆರಿಕದ ಹೊರಗೆ ಜಿಐ ಬಿಲ್ ಡಿಗ್ರಿ ಕೊಡುವ ಕಾಲೇಜಿಗಷ್ಟೇ ಸಲ್ಲುತ್ತದೆ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಇಲ್ಲಿನ ಏರ್‌ಲೈನ್ ಸೇರುವ ಯೋಚನೆ ಇದ್ದರೆ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಪರೀಕ್ಷೆಗಳನ್ನು ಬೇರೆಯಾಗಿ ಬರೆಯಬೇಕು.