ಹಳದಿಯಲ್ಲಿ ನುಗ್ಗಿದೆ, ನಡುವೆ ಕೆಂಪು ಬಿತ್ತು: ಫೈನ್ ಬರುತ್ತಾ?

ಪ್ರಶ್ನೆ: ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತೇನೆ. ಮೊನ್ನೆ ಒಂದು ಸರ್ಕಲ್‌ನಲ್ಲಿ ಹಳದಿ ಇದ್ದಾಗ ನುಗ್ಗಿದೆ, ಅರ್ಧ ದಾಟುವಷ್ಟರಲ್ಲಿ ಕೆಂಪು ಬಿತ್ತು. ಕಂಬದ ಮೇಲೆ ಕ್ಯಾಮೆರಾ ಇತ್ತು. ಫೈನ್ ಬರುತ್ತಾ? (ಬೆಂಗಳೂರಿನ ಓದುಗರು)

ಕೆಂಪು ಬೀಳುವ ಮೊದಲೇ ನಿಮ್ಮ ಗಾಡಿ ಗೆರೆ ದಾಟಿದ್ದರೆ ಬರಬಾರದು. ನೀವು ಸರ್ಕಲ್ ನಡುವೆ ಇದ್ದಿರೋ, ಆಚೆ ದಡ ಸೇರಿದ್ದಿರೋ ಅನ್ನೋದು ಕ್ಯಾಮೆರಾಗೆ ಬೇಡ. ಸ್ಟಾಪ್ ಲೈನ್ ದಾಟಿದಾಗ ದೀಪ ಯಾವ ಬಣ್ಣದಲ್ಲಿತ್ತು, ಅಷ್ಟೇ ಅದರ ಲೆಕ್ಕ.

ಬೆಂಗಳೂರಿನಲ್ಲಿ ಈ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಶುರುವಾಯಿತು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ 250, ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾ 80. ಜಂಪ್ ಹಿಡಿಯುವ ಕ್ಯಾಮೆರಾ ದೀಪವನ್ನೂ ಗೆರೆಯನ್ನೂ ಒಟ್ಟಿಗೆ ನೋಡುತ್ತಿರುತ್ತದೆ. ಕೆಂಪು ಬಿದ್ದ ಮೇಲೆ ಯಾವ ಗಾಡಿ ಗೆರೆ ದಾಟಿತೋ ಅದರ ಫೋಟೊ ತೆಗೆಯುತ್ತದೆ. ಹೆಲ್ಮೆಟ್ ಇಲ್ಲದಿರೋದು, ಮೂವರು ಕೂತಿರೋದು, ಕೈಯಲ್ಲಿ ಮೊಬೈಲ್ ಹಿಡಿದಿರೋದು ಕೂಡ ಈ ಕ್ಯಾಮೆರಾಗಳ ಕಣ್ಣಿಗೆ ಬೀಳುತ್ತದೆ. ಸಿಗ್ನಲ್ ಒಂದನ್ನೇ ನೋಡಿಕೊಂಡರೆ ಸಾಲದು.

ಒಂದು ಮಾತು. ಹಳದಿಯಲ್ಲಿ ನುಗ್ಗಿ, ಆಮೇಲೆ ಹೆದರಿ, ಜೀಬ್ರಾ ಪಟ್ಟೆ ಮೇಲೆ ಬ್ರೇಕ್ ಹಿಡಿದು ನಿಲ್ಲುವವರಿದ್ದಾರೆ. ಅದು ಜಂಪ್ ಅಲ್ಲದಿರಬಹುದು, ಆದರೆ ಗೆರೆ ದಾಟಿ ನಿಂತದ್ದು ಬೇರೆಯದೇ ತಪ್ಪು. ಅದಕ್ಕೂ ದಂಡ ಇದೆ.

ಇಷ್ಟಕ್ಕೆ ಉತ್ತರ ಮುಗಿಯಿತು ಅನ್ನಬಹುದಿತ್ತು. ಆದರೆ ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ: ಹಳದಿ ಬಿದ್ದಾಗ ಹೋಗಬೇಕಾ, ನಿಲ್ಲಬೇಕಾ? ನಮ್ಮಲ್ಲಿ ಹಳದಿ ಅಂದರೆ 'ಬೇಗ ಹೋಗು' ಅಂತಲೇ ಅರ್ಥ ಆಗಿಬಿಟ್ಟಿದೆ. ನಿಯಮ ಹೇಳೋದು ಉಲ್ಟಾ. ಹಳದಿ ಅಂದರೆ ನಿಲ್ಲು. ನಿಲ್ಲಿಸಿದರೆ ಅಪಾಯ ಅನ್ನುವಷ್ಟು ಹತ್ತಿರ ಬಂದಿದ್ದರೆ ಮಾತ್ರ ದಾಟು.

ಎಷ್ಟು ಹತ್ತಿರ? ಸ್ವಲ್ಪ ಲೆಕ್ಕ ಹಾಕೋಣ. ಹಳದಿ 3 ಸೆಕೆಂಡ್ ಇರುತ್ತದೆ ಎಂದುಕೊಳ್ಳಿ. ನೀವು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದೀರಿ. ಅಂದರೆ ಸೆಕೆಂಡಿಗೆ 11 ಮೀಟರ್. ದೀಪ ನೋಡಿ ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಜಾರದ ಹಾಗೆ ಹದವಾಗಿ ನಿಲ್ಲಲು ಇನ್ನೊಂದು 18 ಮೀಟರ್. ಒಟ್ಟು 29 ಮೀಟರ್ ಬೇಕು. 3 ಸೆಕೆಂಡಿನಲ್ಲಿ ಅದೇ ವೇಗದಲ್ಲಿ 33 ಮೀಟರ್ ಹೋಗಬಹುದು. ಹಾಗಾಗಿ ನೀವು ಎಲ್ಲೇ ಇರಿ, ಒಂದೋ ನಿಲ್ಲಬಹುದು, ಇಲ್ಲವೇ ಕೆಂಪಿಗೆ ಮೊದಲೇ ಗೆರೆ ದಾಟಬಹುದು.

ಈಗ 60ರಲ್ಲಿ ಬನ್ನಿ. ನಿಲ್ಲಲು ಸುಮಾರು 58 ಮೀಟರ್ ಬೇಕು. 3 ಸೆಕೆಂಡಿನಲ್ಲಿ ಹೋಗಲು ಆಗೋದು 50 ಮೀಟರ್. ಗೆರೆಗೆ 55 ಮೀಟರ್ ಇರುವಾಗ ಹಳದಿ ಬಿದ್ದರೆ? ಹದವಾಗಿ ನಿಲ್ಲೋಕೂ ಆಗಲ್ಲ, ದಾಟೋಕೂ ಆಗಲ್ಲ. 'ಬ್ರೇಕ್ ಹಿಡಿಯೋಕೇ ಆಗ್ಲಿಲ್ಲ ಸಾರ್' ಅನ್ನೋದು ಕೆಲವು ಸಲ ನಿಜವೇ. ಆದರೆ ಅವರನ್ನು ಅಲ್ಲಿ ಸಿಕ್ಕಿಹಾಕಿಸಿದ್ದು ಅವರ ವೇಗ.

ಯಾವಾಗಲೂ ಸವಾರನದೇ ತಪ್ಪು ಅಂತಲೂ ಅಲ್ಲ. ಅಮೆರಿಕದ ಆರೆಗಾನ್ ರಾಜ್ಯದ ಬೀವರ್‌ಟನ್ ಊರಿನಲ್ಲಿ 2013ರಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಅನ್ನುವವರ ಹೆಂಡತಿಗೆ ಸಿಗ್ನಲ್ ಕ್ಯಾಮೆರಾದಿಂದ ಫೈನ್ ಬಂತು. ಗಂಡ ಲೆಕ್ಕಕ್ಕೆ ಕೂತರು. ಹಳದಿ ಎಷ್ಟು ಸೆಕೆಂಡ್ ಇರಬೇಕು ಅನ್ನುವ ಸೂತ್ರ 1960ರದು. ಅದು ನೇರ ಹೋಗುವವರಿಗೆ ಸರಿ. ಆದರೆ ತಿರುಗುವವರು ವೇಗ ತಗ್ಗಿಸಲೇಬೇಕು, ಅವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕು ಅಂತ ತೋರಿಸಿದರು. ಲೈಸೆನ್ಸ್ ಇಲ್ಲದೆ ಎಂಜಿನಿಯರ್ ಕೆಲಸ ಮಾಡಿದ್ದೀರಿ ಅಂತ ಅಲ್ಲಿನ ಎಂಜಿನಿಯರಿಂಗ್ ಮಂಡಳಿ ಅವರಿಗೇ 500 ಡಾಲರ್ ದಂಡ ಹಾಕಿತು! ಅವರು ಕೋರ್ಟಿಗೆ ಹೋಗಿ ಗೆದ್ದರು. 2020ರಲ್ಲಿ ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು.

ಇನ್ನು ಅಪಾಯದ ವಿಷಯ. ನಮ್ಮ ಯಾವುದಾದರೂ ಸಿಗ್ನಲ್‌ನಲ್ಲಿ ಟೈಮರ್ ನೋಡುತ್ತಾ ಐದು ನಿಮಿಷ ನಿಂತುಕೊಳ್ಳಿ. 10 ಬರುವಾಗ ಎಂಜಿನ್‌ಗಳು ಶುರುವಾಗುತ್ತವೆ. 5ಕ್ಕೆ ಆಟೋದ ಮೂತಿ ಜೀಬ್ರಾ ಪಟ್ಟೆ ದಾಟಿರುತ್ತದೆ. 3ಕ್ಕೆ ಮುಂದಿನ ಸಾಲಿನ ಬೈಕುಗಳು ಹೊರಟೇ ಬಿಟ್ಟಿರುತ್ತವೆ, ಹಿಂದಿನವರ ಹಾರ್ನ್ ಬೇರೆ. ಒಂದು ಕಡೆ ಕೆಂಪು ಬಿದ್ದ ಮೇಲೆ ಇನ್ನೊಂದು ಕಡೆ ಹಸಿರು ಬರುವ ಮುಂಚೆ, ಎಲ್ಲ ಕಡೆ ಕೆಂಪು ಇರುವ ಒಂದೆರಡು ಸೆಕೆಂಡ್ ಬಿಡುತ್ತಾರೆ. ಸರ್ಕಲ್ ಖಾಲಿಯಾಗಲಿ ಅಂತ. ಆ ಒಂದೆರಡು ಸೆಕೆಂಡನ್ನು ಈ ಕಡೆಯಿಂದ ಜಂಪ್ ಮಾಡುವವನು ತಿನ್ನುತ್ತಾನೆ, ಆ ಕಡೆಯಿಂದ ಮುಂಚೆ ಹೊರಡುವವನು ತಿನ್ನುತ್ತಾನೆ. ಇಬ್ಬರೂ ಸಿಗೋದು ನಡುವೆ. ಗುದ್ದು ಬೀಳೋದು ಪಕ್ಕಕ್ಕೆ. ಕಾರಿನ ಮುಂದೆ ಬಾನೆಟ್ ಆದರೂ ಇದೆ, ಪಕ್ಕದಲ್ಲಿ ಇರೋದು ಒಂದು ಬಾಗಿಲು. ಸ್ಕೂಟರಿಗೆ ನಿಮ್ಮ ಮೊಣಕಾಲೇ ಬಾಗಿಲು.

ಕ್ಯಾಮೆರಾ ಇಟ್ಟರೆ ಇದು ಕಡಿಮೆಯಾಗುತ್ತಾ? ಆಗುತ್ತದೆ, ಪೂರ್ತಿ ಅಲ್ಲ. ಅಮೆರಿಕದ ಹೆದ್ದಾರಿ ಇಲಾಖೆ 2005ರಲ್ಲಿ 132 ಜಾಗಗಳ ಲೆಕ್ಕ ನೋಡಿತ್ತು. ಪಕ್ಕದಿಂದ ಗುದ್ದುವ ಅಪಘಾತ ಸುಮಾರು 25% ತಗ್ಗಿತ್ತು, ಹಿಂದಿನಿಂದ ಗುದ್ದೋದು 15% ಏರಿತ್ತು. ಕ್ಯಾಮೆರಾ ಕಂಡ ಕೂಡಲೇ ಗಕ್ಕನೆ ಬ್ರೇಕ್ ಹಾಕೋದೇ ಇದಕ್ಕೆ ಕಾರಣ. ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಂಪರ್ ಜಜ್ಜೋದಕ್ಕೂ ಬಾಗಿಲು ಒಳಗೆ ಬರೋದಕ್ಕೂ ಬಹಳ ವ್ಯತ್ಯಾಸ ಇದೆ. ಆದರೆ ಸ್ಕೂಟರಿನವರು ಹಳದಿಗೆ ನಿಲ್ಲುವ ಮುಂಚೆ ಒಮ್ಮೆ ಕನ್ನಡಿ ನೋಡಿ. ಬೆನ್ನಿಗೇ ಬಸ್ ಅಂಟಿಕೊಂಡು ಬರುತ್ತಿರಬಹುದು.

ನಿಮ್ಮ ವಿಷಯಕ್ಕೆ ಬಂದರೆ, ಸಿಗ್ನಲ್ ಜಂಪ್‌ಗೆ ಕರ್ನಾಟಕದಲ್ಲಿ 500 ರೂಪಾಯಿ ದಂಡ ಇದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಕ್ಯಾಮೆರಾ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು. ಮೆಸೇಜ್ ಬಂದರೆ ಹಣ ಕಟ್ಟುವ ಮೊದಲು ಟ್ರಾಫಿಕ್ ಪೊಲೀಸರ ವೆಬ್‌ಸೈಟಿನಲ್ಲಿ ಫೋಟೊ ತೆಗೆದು ನೋಡಿ. ಮೊದಲು ನಂಬರ್ ಪ್ಲೇಟ್ ನೋಡಿ, ಅದು ನಿಮ್ಮದೇನಾ? 3 ಮತ್ತು 8 ಅದಲು ಬದಲಾಗಿ ಯಾರದೋ ಫೈನ್ ಯಾರಿಗೋ ಹೋಗೋದುಂಟು. ಆಮೇಲೆ ದೀಪ, ಆಮೇಲೆ ಗೆರೆ ಮತ್ತು ಚಕ್ರ. ಗಾಡಿ ಗೆರೆಯ ಹಿಂದಿದ್ದಾಗಲೇ ದೀಪ ಕೆಂಪಿದ್ದರೆ ಸುಮ್ನೆ ಕಟ್ಟಿಬಿಡಿ. ಇಲ್ಲದಿದ್ದರೆ ಆ ಫೋಟೊವನ್ನೇ ಇಟ್ಟುಕೊಂಡು ದೂರು ಕೊಡಿ.